ಸೆಟ್ಟಿಂಗ್ ‘ಬಿಟ್ಟುಹೋಗಿದೆ’, ಸೆಟ್ಟಿಂಗ್ ‘ತಪ್ಪಿದೆ’: ವ್ಯತ್ಯಾಸ ಗೊತ್ತಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಇಆರ್‌ಪಿ (ಬಿಲ್ಲು, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ಇಡುವ) ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ಬಿಲ್ಲಿಂಗ್‌ನವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಥ ಎರರ್ ಬಂದರೆ ಏನು ನೋಡಬೇಕು, ಯಾರಿಗೆ ಹೇಳಬೇಕು ಅಂತ. ‘ಕಾನ್ಫಿಗರೇಶನ್ ಎರರ್’, ಅಂದರೆ ಸಾಫ್ಟ್‌ವೇರಿನ ಸೆಟ್ಟಿಂಗ್‌ನಿಂದ ಆಗುವ ತೊಂದರೆ, ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಸಿಕ್ಕಿಹಾಕಿಕೊಂಡಿದ್ದೇನೆ.

‘ಸಂರಚನಾ ದೋಷ’ ಅನ್ನಬಹುದು. ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ‘ಸಂರಚನೆ’ ಇದೆ. ಆದರೆ ನಮ್ಮ ಕೌಂಟರಿನವರು ಅದನ್ನು ಓದಿ ನನಗೇ ಫೋನ್ ಮಾಡಿ ಅರ್ಥ ಕೇಳ್ತಾರೆ. ಮಲಯಾಳದಲ್ಲಿ ಫೋನ್ ಇಟ್ಟುಕೊಂಡವರಿಗೆ ‘ಕ್ರಮೀಕರಣಂ’ ಗೊತ್ತು, ಸೆಟ್ಟಿಂಗ್ಸ್‌ಗೆ ಅಲ್ಲಿರುವ ಪದ ಅದು. ನಾವೂ ‘ಕ್ರಮೀಕರಣ’ ಅಂದರೆ ಪುತ್ತೂರಿನ ಕಡೆಯವರು ಸಾಲಾಗಿ ಜೋಡಿಸುವುದು ಅಂದುಕೊಂಡಾರು. ‘ಸೆಟ್ಟಿಂಗ್’ ಎಲ್ಲರ ಬಾಯಲ್ಲಿದೆ, ಅದೇ ಇರಲಿ.

ಕಷ್ಟ ಇರುವುದು ‘ಎರರ್’ನಲ್ಲಿ. ಸೆಟ್ಟಿಂಗ್ ಮಾಡದೇ ಬಿಟ್ಟಿದ್ದರೆ ಸಾಫ್ಟ್‌ವೇರೇ ಗಲಾಟೆ ಮಾಡುತ್ತದೆ. ಐಟಂಗೆ ಟ್ಯಾಕ್ಸ್ ಕೋಡ್ ಕೊಟ್ಟಿಲ್ಲ ಅಂದರೆ ಬಿಲ್ ಮುಂದೆ ಹೋಗುವುದಿಲ್ಲ. ಆದರೆ ಸೆಟ್ಟಿಂಗ್ ಇದ್ದು, ಅದು ಸರಿ ಇಲ್ಲದಿದ್ದರೆ? ಎರರ್ ಬರುವುದೇ ಇಲ್ಲ.

ನಮ್ಮಲ್ಲೇ ಆದದ್ದು. ಹೆಡ್ ಆಫೀಸು ಮಂಗಳೂರಿನಲ್ಲಿದೆ. ಇಲ್ಲಿನ ಗೋದಾಮನ್ನು ಸಿಸ್ಟಮ್‌ಗೆ ಸೇರಿಸುವಾಗ ಮಂಗಳೂರಿನದನ್ನೇ ಕಾಪಿ ಮಾಡಿದ್ದರು. ಜಿಎಸ್‌ಟಿಯಲ್ಲಿ ರಾಜ್ಯವನ್ನು ಗುರುತಿಸುವ ಸ್ಟೇಟ್ ಕೋಡ್ ಕರ್ನಾಟಕದ 29 ಹಾಗೇ ಉಳಿಯಿತು. ಕೇರಳದ 32 ಆಗಬೇಕಿತ್ತು. ಇಲ್ಲಿಂದ ಕರ್ನಾಟಕದ ಪುತ್ತೂರಿಗೆ ಹೋದ ಅಡಿಕೆಗೆ 5% ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನ ತೆರಿಗೆ) ಬೀಳಬೇಕು. ಸಿಸ್ಟಮ್ ಎರಡೂ ಕಡೆ 29 ನೋಡಿ, ಒಂದೇ ರಾಜ್ಯದ ವ್ಯಾಪಾರ ಅಂತ ಕೇಂದ್ರದ ಪಾಲು ಸಿಜಿಎಸ್‌ಟಿ 2.5%, ರಾಜ್ಯದ ಪಾಲು ಎಸ್‌ಜಿಎಸ್‌ಟಿ 2.5% ಹಾಕಿತು. ಬಿಲ್ಲಿನ ಒಟ್ಟು ಮೊತ್ತದಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ! ಯಾರಿಗೆ ಅನುಮಾನ ಬರುತ್ತದೆ ಹೇಳಿ? ರಿಟರ್ನ್ ಹಾಕುವಾಗ ಅಕೌಂಟೆಂಟ್ ಕಣ್ಣಿಗೆ ಬಿತ್ತು. ಹೀಗೆ ತೆರಿಗೆ ಕಟ್ಟಿಬಿಟ್ಟರೆ ಸರಿಯಾದದ್ದನ್ನು ಮತ್ತೆ ಕಟ್ಟಿ, ಮೊದಲಿನದಕ್ಕೆ ರೀಫಂಡ್ ಕೇಳಬೇಕು. ಅದರ ತಲೆನೋವು ಬೇರೆ.

ಇವೆರಡನ್ನೂ ‘ಸೆಟ್ಟಿಂಗ್ ತಪ್ಪು’ ಅಂತ ಒಂದೇ ಕಡೆ ಹಾಕಲು ನನಗೆ ಮನಸ್ಸಿಲ್ಲ. ಒಂದರಲ್ಲಿ ಕೆಲಸ ನಿಲ್ಲುತ್ತದೆ, ಇನ್ನೊಂದರಲ್ಲಿ ನಿಲ್ಲದೆ ಕೆಡುತ್ತದೆ. ಮೇಲಾಗಿ ‘ತಪ್ಪು’ ಅಂದ ಕೂಡಲೇ ಕೌಂಟರಿನವರು ‘ನಾನು ಎಂಟ್ರಿ ಸರಿಯಾಗೇ ಮಾಡಿದ್ದೆ’ ಅಂತ ಶುರು ಮಾಡುತ್ತಾರೆ. ಪಾಪ, ಅವರು ಹೇಳುವುದು ನಿಜವೇ.

ಕೆಲವು ಎರರ್‌ಗಳಿಗೆ ಈ ರಗಳೆ ಇಲ್ಲ. ಏಪ್ರಿಲ್ ಶುರುವಿಗೆ ‘ಪೋಸ್ಟಿಂಗ್ ಪೀರಿಯಡ್ 001 ನಾಟ್ ಓಪನ್’ ಅಂತ ಬಂದರೆ, ಜನವರಿಯ ಬಿಲ್ ಹುಡುಕುವವರಿದ್ದಾರೆ. ನಮ್ಮ ಲೆಕ್ಕದ ವರ್ಷಕ್ಕೆ 001 ಅಂದರೆ ಏಪ್ರಿಲ್. ‘ಏಪ್ರಿಲ್ ಲೆಕ್ಕ ಇನ್ನೂ ತೆರೆದಿಲ್ಲ’ ಅಂತ ಬರೆದೆ, ಮುಗಿಯಿತು.

ಸದ್ಯಕ್ಕೆ ಮೊದಲನೆಯದಕ್ಕೆ ‘ಸೆಟ್ಟಿಂಗ್ ಬಿಟ್ಟುಹೋಗಿದೆ’, ಎರಡನೆಯದಕ್ಕೆ ‘ಸೆಟ್ಟಿಂಗ್ ತಪ್ಪಿದೆ’ ಅಂತ ಇಟ್ಟಿದ್ದೇನೆ. ‘ಲೆಕ್ಕ ತಪ್ಪಿದೆ’, ‘ದಾರಿ ತಪ್ಪಿದೆ’ ಅನ್ನುವಾಗ ಯಾರ ಮೇಲೂ ದೂರು ಬರುವುದಿಲ್ಲ ಅಲ್ವಾ, ಆ ಧಾಟಿಯಲ್ಲಿ. ಆದರೆ ‘ಬಸ್ಸು ತಪ್ಪಿತು’ ಅನ್ನುವುದೂ ಇದೆ. ಆ ಅಭ್ಯಾಸದಲ್ಲಿ ಓದಿದವರು ಇದನ್ನೂ ‘ಸೆಟ್ಟಿಂಗ್ ಇಲ್ಲ’ ಎಂದು ತಿಳಿದುಕೊಂಡರೆ ಎರಡೂ ಒಂದೇ ಆಗಿಹೋಗುತ್ತವೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಸೊಲ್ಲಾಪುರ, ಆದೋನಿ, ಹೊಸೂರು ಕಡೆಯ ಅಂಗಡಿ ಲೆಕ್ಕದವರು ಇಂಥದ್ದಕ್ಕೆ ಏನಂತಾರೆ?