ಮುಂಬೈಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ: ಅಮ್ಮನ ಜೊತೆ ಎಲ್ಲಿಗೆ ಹೋಗಲಿ?

ಕುಂದಾಪುರದವಳು:
ಅಮ್ಮನನ್ನು ಕರ್ಕೊಂಡು ದೆಹಲಿಗೆ, ಅಣ್ಣನ ಮನೆಗೆ ಹೊರಟಿದ್ದೇನೆ. ಮತ್ಸ್ಯಗಂಧ ರೈಲಿನಲ್ಲಿ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್, ಅಂದರೆ ಎಲ್‌ಟಿಟಿಯಲ್ಲಿ ಇಳಿಯುತ್ತೇವೆ. ದೆಹಲಿ ರೈಲು ಸಂಜೆ, ಮುಂಬೈ ಸೆಂಟ್ರಲ್‌ನಿಂದ. ಅಮ್ಮ ಮುಂಬೈ ನೋಡಿದ್ದೇ ಇಲ್ಲ. ಮೊಣಕಾಲು ನೋವು ಇದೆ, ಎರಡು ದೊಡ್ಡ ಬ್ಯಾಗ್ ಬೇರೆ. ಗೇಟ್‌ವೇ, ಹಾಜಿ ಅಲಿ, ಸಿದ್ಧಿವಿನಾಯಕ, ಜುಹು ಇಷ್ಟೂ ಆಗುತ್ತಾ?

ಮಾಟುಂಗಾವಾಸಿ:
ಆಗಲ್ಲ ತಂಗಿ. ಜುಹು ಒಂದು ದಿಕ್ಕು, ಗೇಟ್‌ವೇ ಇನ್ನೊಂದು ದಿಕ್ಕು. ಇಡೀ ದಿನ ಟ್ಯಾಕ್ಸಿಯಲ್ಲೇ ಕಳೆದುಹೋಗುತ್ತೆ. ಒಂದೇ ಜಾಗ ಹಿಡಿದುಕೊಳ್ಳಿ.

ಮೊದಲು ಬ್ಯಾಗಿನ ಭಾರ ಇಳಿಸಿ. ಎಲ್‌ಟಿಟಿಯಿಂದ ಟ್ಯಾಕ್ಸಿಯಲ್ಲಿ ನೇರ ಮುಂಬೈ ಸೆಂಟ್ರಲ್‌ಗೆ ಹೋಗಿ. ರಿಕ್ಷಾದವರನ್ನು ಕೇಳಬೇಡಿ, ಸಾಯನ್ ದಾಟಿ ಅವರು ಬರುವ ಹಾಗಿಲ್ಲ. ಬೆಳಗಿನ ಲೋಕಲ್ ಅಂತೂ ಬೇಡವೇ ಬೇಡ, ಆ ನೂಕುನುಗ್ಗಲಲ್ಲಿ ಅಮ್ಮನಿಗೆ ಕಾಲೂರಲೂ ಜಾಗ ಸಿಗಲ್ಲ. ಬ್ಯಾಗನ್ನು ಕ್ಲೋಕ್ ರೂಮಿನಲ್ಲಿಟ್ಟು, ಮುಖ ತೊಳೆದು, ಮಾಟುಂಗಾಕ್ಕೆ ಬನ್ನಿ.

ಇಲ್ಲಿ ಅಮ್ಮನಿಗೆ ಊರಿನವರೇ ಸಿಗುತ್ತಾರೆ. ಮಾರ್ಕೆಟ್‌ನಲ್ಲಿ ಮಲ್ಲಿಗೆ, ಬಾಳೆಎಲೆ, ಕರಿಬೇವು ಎಲ್ಲ ಇದೆ. ಕೆಫೆ ಮದ್ರಾಸ್‌ನಲ್ಲಿ ತಿಂಡಿ ತಿನ್ನಿ. ಮಧ್ಯಾಹ್ನ ಮಾಟುಂಗಾ ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆಎಲೆ ಊಟ, ಮೊದಲೇ ಕೂಪನ್ ತಗೋಬೇಕು. ಮಹಡಿ ಮೇಲಿದೆ, ಅಮ್ಮ ನಿಧಾನಕ್ಕೆ ಹತ್ತಲಿ. ಅನ್ನ, ಸಾರು, ಮಜ್ಜಿಗೆ ಹೊಟ್ಟೆಗೆ ಬಿದ್ದರೆ ದೆಹಲಿವರೆಗೆ ಆರಾಮ. ಸೋಮವಾರ ಮಾತ್ರ ರಜೆ.

ಕೋಟೆ ಕಡೆಯವನು:
ಮಾಟುಂಗಾದವರ ಪ್ರೀತಿ ಗೊತ್ತು, ಆದರೆ ಕುಂದಾಪುರದ ಅಮ್ಮನಿಗೆ ಇಡ್ಲಿ, ಸಾರು ದಿನಾ ಸಿಗುತ್ತೆ ಅಲ್ವಾ? ಸಿಎಸ್‌ಎಮ್‌ಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ) ತೋರಿಸಿ! ಮುಂಬೈ ಸೆಂಟ್ರಲ್‌ನಿಂದ ದೂರವೇನಿಲ್ಲ. 1887ರ ಕಟ್ಟಡ, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸುಮ್ನೆ ಹೊರಗಿಂದ ಫೋಟೋ ತೆಗೆದು ಬರಬೇಡಿ, ಹತ್ತಿರ ನಿಂತು ನೋಡಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಗೋಡೆ ತುಂಬ ಕಲ್ಲಿನ ನವಿಲು, ಕೋತಿ. ಎದುರಿಗೇ ಮಹಾನಗರಪಾಲಿಕೆ ಕಟ್ಟಡ, ಎರಡನ್ನೂ ವಿನ್ಯಾಸ ಮಾಡಿದ್ದು ಬ್ರಿಟಿಷ್ ಎಂಜಿನಿಯರ್ ಸ್ಟೀವನ್ಸ್ ಅವರೇ. ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. ವಾಪಸ್ ಬರುವಾಗ ಮರೀನ್ ಡ್ರೈವ್ ಮೇಲಿಂದ ಬನ್ನಿ.

ಕುಂದಾಪುರದವಳು:
ಅಮ್ಮನನ್ನೇ ಕೇಳಿದೆ. ಸಿಂಹ, ಹುಲಿ ನೋಡಬೇಕಂತೆ, ಊಟ ಮಾತ್ರ ನಾಯಕರಲ್ಲೇ ಅಂತೆ! ಎರಡೂ ಆಗುತ್ತಾ ಅಣ್ಣಾ?

ಮಾಟುಂಗಾವಾಸಿ:
ಆಗುತ್ತೆ. ಬೆಳಿಗ್ಗೆ ಸಿಎಸ್‌ಎಮ್‌ಟಿ ನೋಡಿ, ಟ್ಯಾಕ್ಸಿ ಹಿಡಿದು ಊಟಕ್ಕೆ ಇಲ್ಲಿಗೆ ಬನ್ನಿ. ಬೇಗ ಬಂದರೆ ಕ್ಯೂ ಕಡಿಮೆ. ಬ್ಯಾಗಿಗೆ ಬೀಗ ಹಾಕಿರಲಿ, ಇಲ್ಲದಿದ್ದರೆ ಕ್ಲೋಕ್ ರೂಮಿನಲ್ಲಿ ತಗೊಳ್ಳಲ್ಲ. ಟಿಕೆಟ್ಟೂ ತೋರಿಸಬೇಕು. ಇನ್ನೊಂದು ಮಾತು, ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ನೋಡಿಕೊಂಡು ಹೊರಡಿ. ರೈಲು ತಡವಾಗಿ ಬಂದರೆ ಸಿಎಸ್‌ಎಮ್‌ಟಿ ಬಿಡಿ, ಊಟ ಬಿಡಬೇಡಿ.