ಸಹಾಯ ಬೇಕು: ಉಡುಪಿಯಿಂದ ಮುಕ್ತಿನಾಥಕ್ಕೆ ಕಾರಿನಲ್ಲಿ

ನಮಸ್ಕಾರ. ದೀಪಾವಳಿ ಮುಗಿದ ಮೇಲೆ ಅಪ್ಪ, ಅಮ್ಮ, ಹೆಂಡತಿ, ಎಂಟು ವರ್ಷದ ಮಗಳು, ನಾನು, ಎಲ್ಲರೂ ಉಡುಪಿಯಿಂದ ಕಾರಿನಲ್ಲೇ ನೇಪಾಳದ ಮುಕ್ತಿನಾಥಕ್ಕೆ ಹೊರಡಬೇಕು ಅಂತಿದ್ದೇವೆ. ದಿನಾ ಸಾಲಿಗ್ರಾಮ ಪೂಜೆ ಮಾಡುವ ಅಪ್ಪನಿಗೆ ಅದು ಸಿಗುವ ಗಂಡಕಿ ನದಿಯನ್ನು ಒಮ್ಮೆ ಕಣ್ಣಾರೆ ನೋಡುವ ಆಸೆ. ವಯಸ್ಸು 71, ಇನ್ನೂ ಮುಂದೂಡಲು ನನಗೆ ಮನಸ್ಸಿಲ್ಲ.

ಗೋರಖ್‌ಪುರದ ಆಚೆ ಸೋನೌಲಿಯಲ್ಲಿ ಗಡಿ ದಾಟುತ್ತೇವೆ. ಕಾರು ತಮ್ಮನ ಹೆಸರಲ್ಲಿದೆ, ಅವನು ಬರುತ್ತಿಲ್ಲ. ಭನ್ಸಾರ್ (ಕಾರನ್ನು ನೇಪಾಳದೊಳಗೆ ಒಯ್ಯಲು ಗಡಿಯಲ್ಲಿ ಪಡೆಯುವ ಕಸ್ಟಮ್ಸ್ ಪರವಾನಗಿ) ಮಾಡಿಸಲು ಅವನ ಒಪ್ಪಿಗೆ ಪತ್ರ ಸಾಕಾ, ನೋಟರಿಯೂ ಬೇಕಾ? ದೊಡ್ಡವರ ಹತ್ತಿರ ವೋಟರ್ ಐಡಿ ಇದೆ.

ಜಾಸ್ತಿ ಚಿಂತೆ ಮುಕ್ತಿನಾಥದ ದಾರಿಯಲ್ಲಿ ಬರುವ ಬೇನಿಯಿಂದ ಜೋಮ್‌ಸೋಮ್‌ವರೆಗಿನ ರಸ್ತೆಯದ್ದು. ಆಗುಂಬೆ, ಶಿರಾಡಿ ಘಾಟಿಯಲ್ಲಿ ಓಡಿಸಿ ಅಭ್ಯಾಸ ಇದೆ, ಆದರೆ ಹಿಮಾಲಯ ಬೇರೆಯೇ ಅಲ್ವಾ. ಮುಕ್ತಿನಾಥ 3,700 ಮೀಟರ್‌ಗಿಂತ ಎತ್ತರದಲ್ಲಿದೆ, ಅಮ್ಮನಿಗೆ ಬಿಪಿ. ಪೋಖರಾದಲ್ಲಿ ಕಾರು ಬಿಟ್ಟು ಅಲ್ಲಿನ ಜೀಪು ಹಿಡಿಯುವುದು ಒಳ್ಳೆಯದಾ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ಇದ್ದರೆ ದಯವಿಟ್ಟು ತಿಳಿಸಿ.