ಅಪ್‌ಡೇಟ್: ಸೋಯಾ ಹಳದಿಯಾಗಿದ್ದು ಗೊಬ್ಬರ ಸಾಲದೆ ಅಲ್ಲ

ಹದಿನೈದು ದಿನದ ಹಿಂದೆ ಕೇಳಿದ್ದೆ, ನೆನಪಿದೆಯಾ? ಮೂವತ್ತೈದು ದಿನದ ಸೋಯಾ, ಕೆಳಗಿನ ಎಲೆಗಳೆಲ್ಲ ಹಳದಿ, ಏನು ಮಾಡಲಿ ಅಂತ. ಈಗ ಹೊಸ ಎಲೆ ಹಸಿರಾಗಿ ಬರುತ್ತಿದೆ.

ಮೊದಲು ಕಬ್ಬಿಣಾಂಶದ ಸ್ಪ್ರೇ ಹೊಡೆದೆ. ಏನೂ ಆಗಲಿಲ್ಲ. ಕಬ್ಬಿಣದ ಕೊರತೆ ಇದ್ದರೆ ಮೇಲಿನ ಎಳೆ ಎಲೆ ಹಳದಿಯಾಗಿ ನರ ಹಸಿರಾಗೇ ಉಳಿಯುತ್ತದಂತೆ. ನನ್ನದು ಉಲ್ಟಾ. ಸುಮ್ನೆ ಖರ್ಚು.

ಕೆಲಸಕ್ಕೆ ಬಂದಿದ್ದು "ಬೇರು ಅಗೆದು ಗಂಟು ಸೀಳಿ ನೋಡಿ" ಅಂದವರ ಮಾತು. ಸೋಯಾ ಬೇರಿನ ಈ ಸಣ್ಣ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಮೊದಲ ಗಿಡ ಕಿತ್ತೆಳೆದೆ, ಗಂಟೆಲ್ಲ ಮಣ್ಣಲ್ಲೇ ಕಳಚಿಕೊಂಡವು. ಆಮೇಲೆ ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ ನೀರಲ್ಲಿ ನೆನೆಸಿದೆ. ಎತ್ತರದ ಜಾಗದ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ಚೆಂದದ ಕೆಂಪು, ಅಂದರೆ ಗಂಟು ಕೆಲಸ ಮಾಡುತ್ತಿದೆ. ತಗ್ಗಿನ ಗಿಡದಲ್ಲಿ ನಾಲ್ಕೇ ಗಂಟು, ಒಳಗೆ ಬೂದು ಬಣ್ಣ, ಅಂದರೆ ಕೆಲಸ ನಿಂತಿದೆ. ಅಲ್ಲಿ ಮಳೆ ನೀರು ನಿಂತಿತ್ತು. ಬೇರಿಗೆ ಗಾಳಿ ಸಿಗದಿದ್ದರೆ ಗಂಟಿನ ಬ್ಯಾಕ್ಟೀರಿಯಾ ಸಾರಜನಕ ಹಿಡಿಯೋದು ಕುಗ್ಗುತ್ತದೆ, ಅದು ಸಾಲದೆ ಕೆಳಗಿನ ಎಲೆ ಹಳದಿಯಾಗುತ್ತದೆ. ಬಸಿಗಾಲುವೆ ತೆಗೆದೆ, ಎರಡು ದಿನ ಸೊಂಟ ಬಿದ್ದುಹೋಯಿತು.

ಸಾರಜನಕದ ಗೊಬ್ಬರ ಯೂರಿಯಾವನ್ನೂ ಎರಡೇ ಸಾಲಿಗೆ ಹಾಕಿ ನೋಡಿದೆ. ಬೇಗ ಹಸಿರಾಯಿತು, ಸುಳ್ಳು ಹೇಳಲ್ಲ. ಆದರೆ ಯೂರಿಯಾ ಹಾಕದ ಪಕ್ಕದ ಸಾಲೂ ನಾಲ್ಕೈದು ದಿನ ತಡವಾಗಿ ಹಸಿರಾಯಿತು, ಪುಕ್ಕಟೆಯಾಗಿ. ಜಾಸ್ತಿ ಸಾರಜನಕ ಕೊಟ್ಟರೆ ಗಿಡ ಗಂಟು ಕಟ್ಟೋದೇ ಕಡಿಮೆ ಮಾಡುತ್ತದೆ ಅಂತಲೂ ಗೊತ್ತಾಯಿತು.

ಇನ್ನೊಂದು ಆಶ್ಚರ್ಯ: ಗಂಟಿನ ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ!

ತೀರಾ ತಗ್ಗಿನ ಒಂದು ಮೂಲೆ ಚೇತರಿಸಿಕೊಂಡಿಲ್ಲ. ಅದನ್ನು ಬಿಟ್ಟುಬಿಟ್ಟೆ. ಈಗ ಹೂವು ಶುರುವಾಗಿದೆ.